ಬಾಗಿಲು ತೆರೆದಿಟ್ಟರೆ ಸರ್ವರ್ ತಂಪಾಗಿರುತ್ತದೆಯೇ?

‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ.’

ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಪಿಂಚಣಿಗೋ ಕಚೇರಿಗೆ ಅಲೆದವರಲ್ಲಿ ಈ ಮಾತು ಕೇಳದವರು ಕಡಿಮೆ. ‘ಸರ್ವರ್ ಡೌನ್’ ಆಗಲು ನೂರೆಂಟು ಕಾರಣಗಳಿರುತ್ತವೆ. ಎಲ್ಲೋ ಜೆಸಿಬಿ ಕೇಬಲ್ ಕಿತ್ತಿರಬಹುದು, ಕರೆಂಟ್ ಹೋಗಿರಬಹುದು, ಬೆಂಗಳೂರಿನಲ್ಲಿ ತಂತ್ರಾಂಶ ಕೆಟ್ಟಿರಬಹುದು. ಅವು ನಮ್ಮ ಕೈಯಲ್ಲಿಲ್ಲ. ಆದರೆ ಒಂದು ಕಾರಣ ಮಾತ್ರ ಅದೇ ಕಚೇರಿಯ ಮೂಲೆಯಲ್ಲಿ ನಿಂತಿರುತ್ತದೆ. ಅದೇ ಸ್ವಿಚ್, ರೂಟರ್, ಯುಪಿಎಸ್, ಕೆಲವು ಕಡೆ ಒಂದೆರಡು ಸರ್ವರ್‌ಗಳನ್ನು ತುಂಬಿಟ್ಟ ಕಬ್ಬಿಣದ ಕಪಾಟು. ಕಂಪ್ಯೂಟರ್ ಕೆಲಸದವರು ಇದನ್ನು ‘ರ‍್ಯಾಕ್’ ಎನ್ನುತ್ತಾರೆ.

ಖಾನಾಪುರ ತಾಲ್ಲೂಕಿನ ಪಾರಿಶ್ವಾಡದ ಸುತ್ತಮುತ್ತ ನಾನು ನೋಡಿದ ಹಲವು ಕಚೇರಿ, ಸೊಸೈಟಿಗಳಲ್ಲಿ ಈ ಕಪಾಟಿನ ಬಾಗಿಲು ಹಾರು ಹೊಡೆದಿರುತ್ತದೆ. ಎದುರಿಗೊಂದು ಟೇಬಲ್ ಫ್ಯಾನ್ ತಿರುಗುತ್ತಿರುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ಉತ್ತರ ಒಂದೇ: ‘ಬಾಗಿಲಾ ಹಾಕಿದ್ರ ಉಸಿರ ಕಟ್ಟತೈತ್ರಿ, ಅದಕ್ಕ ತಗದಿಟ್ಟೀವಿ.’

ಕೇಳಲು ಸರಿ ಎನಿಸುತ್ತದೆ. ನಿಜವಾಗಿಯೂ ಹೀಗೆ ಮಾಡಿದರೆ ಯಂತ್ರ ತಂಪಾಗುತ್ತದೆಯೇ? ಕೆಲವು ಸಲ ಹೌದು, ಬಹಳ ಸಲ ಇಲ್ಲ, ಕೆಲವೊಮ್ಮೆ ಇನ್ನಷ್ಟು ಬಿಸಿಯಾಗುತ್ತದೆ. ಇದು ಬಾಗಿಲು ತೆರೆದಿದೆಯೇ ಮುಚ್ಚಿದೆಯೇ ಎಂಬುದಕ್ಕಿಂತ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ.

ಬಿಸಿ ಬರುವುದು ಎಲ್ಲಿಂದ?

ಮಿಕ್ಸರ್ ವಿದ್ಯುತ್ತನ್ನು ತಿರುಗುವ ಚಲನೆಯಾಗಿ ಬದಲಿಸುತ್ತದೆ, ಬಲ್ಬ್ ಬೆಳಕಾಗಿ ಬದಲಿಸುತ್ತದೆ. ಕಂಪ್ಯೂಟರ್ ಲೆಕ್ಕ ಮಾಡುತ್ತದೆ. ಆದರೆ ಲೆಕ್ಕ ಎಂಬುದು ಶಕ್ತಿಯ ರೂಪವಲ್ಲ. ಹಾಗಾಗಿ ಸರ್ವರ್ ಸೇದಿಕೊಂಡ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. 400 ವ್ಯಾಟ್ ಸರ್ವರ್ ಎಂದರೆ 400 ವ್ಯಾಟ್‌ನ ಹೀಟರ್ ಇದ್ದಂತೆ. ಸುಮ್ಮನೆ ಕುಳಿತ ಮನುಷ್ಯನ ದೇಹದಿಂದ ಸುಮಾರು 100 ವ್ಯಾಟ್ ಶಾಖ ಬರುತ್ತದೆ. ಅಂದರೆ ಆ ಒಂದು ಸರ್ವರ್, ಕಪಾಟಿನೊಳಗೆ ಹಗಲು ರಾತ್ರಿ ಕುಳಿತ ನಾಲ್ಕು ಜನರಿಗೆ ಸಮ.

ಈ ಶಾಖವನ್ನು ಹೊತ್ತೊಯ್ಯುವ ಕೆಲಸ ಗಾಳಿಯದು. ಎಷ್ಟು ಗಾಳಿ ಬೇಕು ಎಂಬ ಲೆಕ್ಕ ಸುಲಭ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 1 ಕಿಲೋ ಜೂಲ್ ಶಾಖ ಬೇಕು. ಈ ಲೆಕ್ಕದಲ್ಲಿ 1000 ವ್ಯಾಟ್ ಶಾಖವನ್ನು ಹೊರಹಾಕುವಾಗ ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ ಸೆಕೆಂಡಿಗೆ ಸುಮಾರು 83 ಲೀಟರ್ ಗಾಳಿ ಹರಿಯಬೇಕು. 100 ವ್ಯಾಟ್‌ನ ಚಿಕ್ಕ ರ‍್ಯಾಕಿಗೆ ಸುಮಾರು 8 ಲೀಟರ್ ಸಾಕು.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಶೇ 8ರಿಂದ 9ರಷ್ಟು ತೆಳುವಾಗಿರುತ್ತದೆ. ಕಾರವಾರದಲ್ಲಿ 83 ಲೀಟರ್ ಗಾಳಿ ಮಾಡುವ ಕೆಲಸಕ್ಕೆ ಬೆಳಗಾವಿಯಲ್ಲಿ ಸುಮಾರು 91 ಲೀಟರ್ ಬೇಕು. ವ್ಯತ್ಯಾಸ ದೊಡ್ಡದಲ್ಲ. ಆದರೂ ‘ನಮ್ಮದು ತಂಪು ಊರು, ನಮಗೇನೂ ಆಗುವುದಿಲ್ಲ’ ಎನ್ನುವಾಗ ಇದನ್ನೂ ನೆನಪಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯೂ 35 ಡಿಗ್ರಿ ದಾಟುತ್ತದೆ.

ಎಸಿ 24 ತೋರಿಸಿದರೂ ಸರ್ವರ್‌ಗೆ 36 ಯಾಕೆ?

ಬಹುತೇಕ ಸರ್ವರ್‌ಗಳು ಮುಂದಿನಿಂದ ತಂಪು ಗಾಳಿ ಎಳೆದು ಹಿಂದಿನಿಂದ ಬಿಸಿಗಾಳಿ ಬಿಡುತ್ತವೆ. ಒಳಗಿನ ಪುಟ್ಟ ಫ್ಯಾನ್‌ಗಳ ಕೆಲಸವೇ ಅದು. ಸಮಸ್ಯೆ ಶುರುವಾಗುವುದು ಹಿಂದೆ ಬಿಟ್ಟ ಬಿಸಿಗಾಳಿ ಸುತ್ತಿಕೊಂಡು ಮತ್ತೆ ಮುಂದಕ್ಕೆ ಬಂದಾಗ.

ಒಂದು ಉದಾಹರಣೆ ನೋಡೋಣ. ಕೋಣೆಯ ಗಾಳಿ 24 ಡಿಗ್ರಿ ಇದೆ. ಸರ್ವರ್ ಮೂಲಕ ಹಾದುಹೋಗುವಾಗ ಗಾಳಿ 12 ಡಿಗ್ರಿ ಬಿಸಿಯಾಗುತ್ತದೆ ಎಂದುಕೊಳ್ಳಿ. ಎಲ್ಲ ಸರಿಯಿದ್ದರೆ 24ರಲ್ಲಿ ಒಳಗೆ ಹೋಗಿ 36ರಲ್ಲಿ ಹೊರಬರುತ್ತದೆ. ಈಗ ಸರ್ವರ್ ಎಳೆಯುವ ಗಾಳಿಯಲ್ಲಿ ಕಾಲು ಭಾಗ ಅದೇ ಬಿಟ್ಟ ಬಿಸಿಗಾಳಿಯಾದರೆ ಒಳಗೆ ಹೋಗುವ ಗಾಳಿ 28 ಡಿಗ್ರಿಗೆ ಏರುತ್ತದೆ. ಅರ್ಧ ಭಾಗವಾದರೆ ನೇರವಾಗಿ 36 ಡಿಗ್ರಿ. ಹೊರಬರುವುದು 48. ಗೋಡೆಯ ಮೇಲಿನ ಎಸಿ ಮಾತ್ರ 24 ಎಂದೇ ತೋರಿಸುತ್ತಿರುತ್ತದೆ. ಸಿಬ್ಬಂದಿಗೆ ಚಳಿ, ಸರ್ವರ್‌ಗೆ ಸೆಕೆ!

ಹೀಗಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಕಂಪ್ಯೂಟರ್ ನಿಧಾನವಾಗುತ್ತದೆ, ‘ಲೋಡ್ ಆಗ್ತಾನೇ ಇದೆ’ ಎನ್ನುತ್ತೇವೆ. ಶಾಖ ಇನ್ನೂ ಏರಿದರೆ ತಾನೇ ಆಫ್ ಆಗುತ್ತದೆ.

ನಂಬಿಕೆ 1: ಬಾಗಿಲು ತೆರೆದರೆ ತಂಪು

ಇದು ಬಾಗಿಲು ಎಂಥದ್ದು ಎಂಬುದರ ಮೇಲೆ ಹೋಗುತ್ತದೆ. ಗೋಡೆಗೆ ನೇತುಹಾಕುವ ಚಿಕ್ಕ ರ‍್ಯಾಕ್‌ಗಳಿಗೆ ಸಾಮಾನ್ಯವಾಗಿ ಗಾಜಿನ ಬಾಗಿಲಿರುತ್ತದೆ. ಕೆಳಗಿನ ತೂತುಗಳಿಗೆ ಕೇಬಲ್ ತುರುಕಿಬಿಟ್ಟರೆ ಗಾಳಿ ಒಳಬರಲು ಬೇರೆ ದಾರಿಯೇ ಇರುವುದಿಲ್ಲ. ಮೇಲಿನ ಫ್ಯಾನ್ ಸುಮ್ಮನೆ ತಿರುಗುತ್ತದೆ. ಅಂಥ ಕಪಾಟಿನ ಬಾಗಿಲು ತೆರೆದರೆ ಖಂಡಿತ ಉಪಯೋಗವಾಗುತ್ತದೆ. ಆದರೆ ಅದಕ್ಕಿಂತ ಒಳ್ಳೆಯ ಉಪಾಯ ಕೆಳಗಿನ ತೂತುಗಳನ್ನು ಬಿಡಿಸುವುದು. ಆಗ ಬಾಗಿಲು ಹಾಕಿಯೇ ಇರಬಹುದು. ಧೂಳು, ಇಲಿ, ಯಾರದೋ ಕೈ, ಯಾವುದೂ ಒಳಗೆ ಹೋಗುವುದಿಲ್ಲ.

ನೆಲದ ಮೇಲೆ ನಿಲ್ಲುವ ಎತ್ತರದ ರ‍್ಯಾಕ್‌ಗಳ ಮಾತು ಬೇರೆ. ಅವುಗಳ ಬಾಗಿಲು ಜಾಲರಿಯದು, ಗಾಳಿ ಆಗಲೇ ಆಡುತ್ತಿರುತ್ತದೆ. ಅದನ್ನು ತೆರೆದಿಟ್ಟು ಸಿಗುವ ಲಾಭ ಅಷ್ಟಕ್ಕಷ್ಟೆ. ಎದುರಿನ ಟೇಬಲ್ ಫ್ಯಾನ್‌ನಿಂದ ತೊಂದರೆಯೇ ಹೆಚ್ಚು. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಸರಿಸುತ್ತದೆ ಅಷ್ಟೇ. ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಸರ್ವರ್‌ಗೆ ಬೆವರು ಎಲ್ಲಿದೆ? ಅಡ್ಡಾದಿಡ್ಡಿ ಬೀಸುವ ಫ್ಯಾನ್ ಹಿಂದಿನ ಬಿಸಿಗಾಳಿಯನ್ನು ಮುಂದಿನ ತಂಪು ಗಾಳಿಯ ಜೊತೆ ಕಲಸುತ್ತದೆ. ರ‍್ಯಾಕಿನ ಹಿಂಬದಿಗೆ ತಿರುಗಿಸಿಟ್ಟರಂತೂ ಹೊರಬರುವ ಬಿಸಿಗಾಳಿಯನ್ನೇ ಒಳಗೆ ತಳ್ಳುತ್ತದೆ.

ನಂಬಿಕೆ 2: ಖಾಲಿ ಜಾಗ ಇದ್ದಷ್ಟೂ ಒಳ್ಳೆಯದು

‘ಎರಡು ಸರ್ವರ್ ನಡುವೆ ಜಾಗ ಬಿಡಿ, ಗಾಳಿ ಆಡಲಿ’ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಮೇಜಿನ ಮೇಲಿಟ್ಟ ಮೋಡೆಮ್‌ಗೆ, ಫ್ಯಾನ್ ಇಲ್ಲದ ಚಿಕ್ಕ ಪೆಟ್ಟಿಗೆಗೆ ಇದು ಸರಿ. ಫ್ಯಾನ್ ಇರುವ ಸರ್ವರ್‌ಗೆ ಇದು ಉಲ್ಟಾ.

ರ‍್ಯಾಕಿನಲ್ಲಿ ಎತ್ತರವನ್ನು ‘ಯು’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಯು ಎಂದರೆ 44.45 ಮಿಲಿಮೀಟರ್. ನಡುವೆ ಎರಡು ಯು ಖಾಲಿ ಬಿಟ್ಟರೆ ಅಲ್ಲೊಂದು ಕಿಟಕಿ ಇಟ್ಟಂತಾಯಿತು. ಸರ್ವರ್‌ನ ಫ್ಯಾನ್ ಮುಂದಿನ ಗಾಳಿಯನ್ನು ಎಳೆಯುವುದರಿಂದ ಮುಂದೆ ಒತ್ತಡ ತುಸು ಕಡಿಮೆ, ಹಿಂದೆ ತುಸು ಹೆಚ್ಚು. ಗಾಳಿ ಯಾವಾಗಲೂ ಸಲೀಸಾದ ದಾರಿ ಹಿಡಿಯುತ್ತದೆ. ಹಿಂದಿನ ಬಿಸಿಗಾಳಿ ಆ ಕಿಟಕಿಯಿಂದಲೇ ಮುಂದಕ್ಕೆ ನುಸುಳಿ ಮತ್ತೆ ಅದೇ ಸರ್ವರ್‌ನ ಬಾಯಿಗೆ ಬೀಳುತ್ತದೆ.

ಇದು ಖಾನಾಪುರದವರಿಗೆ ಹೊಸ ವಿಷಯವೇನಲ್ಲ. ಕುಂಬಾರಿಕೆಗೂ ಹೆಂಚಿಗೂ ಹೆಸರಾದ ಊರು ಅದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಆವಿಗೆಯ ಗೋಡೆ ಎಲ್ಲಾದರೂ ಬಿರಿದರೆ ಶಾಖ ಅಲ್ಲಿಂದಲೇ ಸೋರಿಹೋಗಿ ಮಡಕೆ ಸರಿಯಾಗಿ ಬೇಯುವುದಿಲ್ಲ. ಅದಕ್ಕೇ ಕುಂಬಾರರು ಬಿರುಕನ್ನು ಮಣ್ಣಿನಿಂದ ಮೆತ್ತುತ್ತಾರೆ. ಅವರಿಗೆ ಶಾಖ ಒಳಗೆ ಉಳಿಯಬೇಕು, ನಮಗೆ ಹೊರಗೆ ಹೋಗಬೇಕು. ಆದರೆ ಮಾಡಬೇಕಾದ ಕೆಲಸ ಒಂದೇ: ಬೇಡದ ದಾರಿ ಮುಚ್ಚುವುದು. ರ‍್ಯಾಕಿನ ಖಾಲಿ ಜಾಗ ಮುಚ್ಚಲು ‘ಬ್ಲ್ಯಾಂಕಿಂಗ್ ಪ್ಯಾನಲ್’ ಎಂಬ ಪಟ್ಟಿಗಳು ಸಿಗುತ್ತವೆ. ಬೆಂಕಿ ಬೇಗ ಹಿಡಿಯುವ ರಟ್ಟು, ಥರ್ಮಾಕೋಲ್ ತುರುಕಬೇಡಿ.

ನಂಬಿಕೆ 3: ಫ್ಯಾನ್ ಹೆಚ್ಚಾದಷ್ಟೂ ತಂಪು

ಕಂಪ್ಯೂಟರ್‌ಗೆ ಹಾಕುವ ಒಂದು ಸಾಧಾರಣ 120 ಮಿಲಿಮೀಟರ್ ಫ್ಯಾನ್ ಅಡ್ಡಿಯಿಲ್ಲದಿದ್ದರೆ ಸೆಕೆಂಡಿಗೆ 20 ಲೀಟರ್‌ಗೂ ಹೆಚ್ಚು ಗಾಳಿ ಸರಿಸಬಲ್ಲದು. 100 ವ್ಯಾಟ್ ರ‍್ಯಾಕಿಗೆ ಬೇಕಾದ 8 ಲೀಟರ್‌ಗೆ ಇದು ಧಾರಾಳ. ಆದರೂ ಒಳಗೆ ಬಿಸಿ ಇದೆ ಎಂದರೆ ಫ್ಯಾನ್ ಸಾಲದು ಎಂದಲ್ಲ, ದಾರಿ ಎಲ್ಲೋ ಕಟ್ಟಿದೆ ಎಂದೇ ಹೆಚ್ಚಿನ ಸಲ ಅರ್ಥ. ಹಿಂದೆ ಕೇಬಲ್‌ಗಳ ಗೋಜಲು, ಜಾಲರಿಗೆ ಅಂಟಿದ ಧೂಳು, ಗೋಡೆಗೆ ಒತ್ತಿ ನಿಲ್ಲಿಸಿದ ಕಪಾಟು ಇವೇ ಸಾಮಾನ್ಯ ಕಾರಣಗಳು.

ಫ್ಯಾನ್‌ಗೆ ಇನ್ನೊಂದು ಗುಣವಿದೆ. ಗಾಳಿಯ ಪ್ರಮಾಣ ಫ್ಯಾನ್‌ನ ವೇಗದ ಲೆಕ್ಕದಲ್ಲಿ ಏರಿದರೆ, ಅದು ನುಂಗುವ ವಿದ್ಯುತ್ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ದಾರಿ ಬಿಡಿಸಿದ ಮೇಲೆ ಅದೇ ಫ್ಯಾನ್ ಶೇ 20ರಷ್ಟು ನಿಧಾನವಾಗಿ ತಿರುಗಿದರೂ ಸಾಕಾದರೆ, ಅದರ ವಿದ್ಯುತ್ ಖರ್ಚು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ನಂಬಿಕೆ 4: ಎಸಿ 16ಕ್ಕಿಟ್ಟರೆ ಸರ್ವರ್‌ಗೆ ಒಳ್ಳೆಯದು

ಸರ್ವರ್‌ಗಳಿಗೆ ಮಂಜಿನಂಥ ಚಳಿ ಬೇಕು ಎಂಬುದು ಹಳೆಯ ಮಾತು. ಕಟ್ಟಡಗಳ ತಂಪು, ಗಾಳಿ ವ್ಯವಸ್ಥೆಗೆ ಮಾನದಂಡ ರೂಪಿಸುವ ಅಮೆರಿಕದ ಎಂಜಿನಿಯರ್‌ಗಳ ಸಂಘ ಆಶ್ರೇ, 2008ರಿಂದ ಸರ್ವರ್‌ನ ಒಳಗೆ ಹೋಗುವ ಗಾಳಿಗೆ 18ರಿಂದ 27 ಡಿಗ್ರಿ ಸಾಕು ಎಂದು ಶಿಫಾರಸು ಮಾಡುತ್ತಿದೆ. ಗಮನಿಸಿ, ಇದು ಸರ್ವರ್‌ನ ಬಾಯಿಯ ಬಳಿ ಅಳೆಯಬೇಕಾದ ತಾಪ. ಎಸಿಯ ಪರದೆಯಲ್ಲಿ ಕಾಣುವ ಅಂಕಿ ಇದಲ್ಲ.

ಗೂಗಲ್ 2007ರಲ್ಲಿ ತನ್ನ ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳ ದಾಖಲೆ ಪ್ರಕಟಿಸಿತು. ತಾಪ ಮತ್ತು ಡಿಸ್ಕ್ ಕೆಡುವುದರ ನಡುವೆ ಎಲ್ಲರೂ ಅಂದುಕೊಂಡಷ್ಟು ನಂಟು ಅದರಲ್ಲಿ ಕಾಣಲಿಲ್ಲ. ತೀರಾ ತಂಪಿನಲ್ಲಿದ್ದ ಡಿಸ್ಕ್‌ಗಳೂ ಹೆಚ್ಚು ಕೆಟ್ಟಿದ್ದವು. ಇಂಟೆಲ್ ಸಂಸ್ಥೆ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸುಮಾರು 900 ಸರ್ವರ್‌ಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು 10 ತಿಂಗಳು ಹೆಚ್ಚಾಗಿ ಹೊರಗಿನ ಗಾಳಿಯಲ್ಲೇ ನಡೆಸಿತು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಪಾಲಿನಲ್ಲಿ ಕೆಟ್ಟಿದ್ದು ಶೇ 4.46. ಸಂಸ್ಥೆಯ ಮುಖ್ಯ ಡೇಟಾ ಸೆಂಟರ್‌ನಲ್ಲಿ ಅದೇ ಅವಧಿಯ ಪ್ರಮಾಣ ಶೇ 3.83.

ಹಾಗೆಂದು ಶಾಖ ನಿರುಪದ್ರವಿ ಎಂದಲ್ಲ. ವಿದ್ಯುತ್ ಭಾಗಗಳಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸರಿಸುಮಾರು ಅರ್ಧವಾಗುತ್ತದೆ. ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿ ಇನ್ನೂ ಸೂಕ್ಷ್ಮ. ಅದರ ಬಾಳಿಕೆಯ ಲೆಕ್ಕ ಸಾಮಾನ್ಯವಾಗಿ 20–25 ಡಿಗ್ರಿಯಲ್ಲಿ ಹೇಳಿದ್ದು. ಅದಕ್ಕಿಂತ 8–10 ಡಿಗ್ರಿ ಹೆಚ್ಚಾದರೆ ಅದೂ ಅರ್ಧಕ್ಕೆ ಬರುತ್ತದೆ. ನಮ್ಮಲ್ಲಿ ಬಹಳ ಕಡೆ ಯುಪಿಎಸ್ ಇರುವುದು ರ‍್ಯಾಕಿನ ಬೆನ್ನಿಗೆ, ಬಿಸಿಗಾಳಿ ಬೀಳುವ ಜಾಗದಲ್ಲೇ! ‘ಬ್ಯಾಟರಿ ಎರಡೇ ವರ್ಷಕ್ಕೆ ಹೋಯ್ತು’ ಎಂದು ದೂರುವ ಮುನ್ನ ಅದನ್ನು ಎಲ್ಲಿಟ್ಟಿದ್ದೇವೆ ಎಂದು ನೋಡಬೇಕು.

ಇನ್ನು 16ಕ್ಕಿಟ್ಟರೆ ಬೇಗ ತಂಪಾಗುತ್ತದೆ ಎಂಬುದು. ಆ ಅಂಕಿ ಎಸಿ ಎಲ್ಲಿ ನಿಲ್ಲಬೇಕು ಎಂದು ಹೇಳುತ್ತದೆ. ಸಾಮಾನ್ಯ ಎಸಿ 24ಕ್ಕಿಟ್ಟರೂ 16ಕ್ಕಿಟ್ಟರೂ ಒಂದೇ ವೇಗದಲ್ಲಿ ತಂಪು ಮಾಡುತ್ತದೆ. 16ಕ್ಕಿಟ್ಟಾಗ ನಿಲ್ಲದೆ ದುಡಿಯುತ್ತದೆ, ಬಿಲ್ ಏರುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2020ರಿಂದ ಮನೆ ಎಸಿಗಳು ಆನ್ ಆದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂದು ನಿಯಮ ಮಾಡಿದ್ದು ಇದೇ ಕಾರಣಕ್ಕೆ.

ಕರೆಂಟ್ ಹೋದಾಗ

ಎಲ್ಲರೂ ಮರೆಯುವ ಒಂದು ಹೊತ್ತು ಇದು. ಕರೆಂಟ್ ಹೋಯಿತು. ಸರ್ವರ್‌ಗೆ ಯುಪಿಎಸ್ ಇದೆ, ಅದು ನಡೆಯುತ್ತಲೇ ಇರುತ್ತದೆ. ಎಸಿಗೆ ಯುಪಿಎಸ್ ಇಲ್ಲ, ಅದು ನಿಂತಿತು. ಅಂದರೆ ಹೀಟರ್ ಆನ್, ತಂಪು ಆಫ್. ಹತ್ತು ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಸುಮಾರು 30 ಕಿಲೋ ಗಾಳಿ ಇರುತ್ತದೆ. 1000 ವ್ಯಾಟ್ ಶಾಖ ಆ ಗಾಳಿಗೆ ಮಾತ್ರ ಸೇರಿದರೆ ನಿಮಿಷಕ್ಕೆ 2 ಡಿಗ್ರಿ ಏರುತ್ತದೆ. ಗೋಡೆ, ಮೇಜು, ಕಪಾಟು ಶಾಖ ಹೀರುವುದರಿಂದ ನಿಜದಲ್ಲಿ ಇಷ್ಟು ವೇಗ ಇರುವುದಿಲ್ಲ. ಆದರೂ ಅರ್ಧ ಗಂಟೆ ಎಂಬುದು ದೊಡ್ಡ ಅವಧಿ.

ಹಳೆಯ ಹೆಂಚಿನ ಮನೆಯಾಗಿದ್ದರೆ ಬಿಸಿಗಾಳಿ ಮೇಲೇರಿ ಹೆಂಚುಗಳ ಸಂದಿನಿಂದ ಹೋಗುತ್ತಿತ್ತು, ಬಾಗಿಲಿನಿಂದ ಹೊಸ ಗಾಳಿ ಬರುತ್ತಿತ್ತು. ಸಿಮೆಂಟ್ ಸ್ಲ್ಯಾಬಿನ ಕೋಣೆಗೆ ಆ ಸೌಕರ್ಯ ಇಲ್ಲ. ಹಾಗಾಗಿ ಮೇಲೆ, ಸೂರಿನ ಹತ್ತಿರ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ ಅದನ್ನು ಯುಪಿಎಸ್‌ಗೆ ಜೋಡಿಸುವುದು, ಕೆಳಗೆ ಜಾಲರಿ ಹಾಕಿದ ಗಾಳಿಕಿಂಡಿ ಬಿಡುವುದು ಜಾಣತನ. ಎಸಿಗೆ ಹೋಲಿಸಿದರೆ ಇದಕ್ಕೆ ಬೇಕಾದ ವಿದ್ಯುತ್ ಬಹಳ ಕಡಿಮೆ. ಎಸಿ ನಡೆಯುವಾಗ ಇದನ್ನು ಮುಚ್ಚಿಡಬೇಕು.

ಮಳೆ ಮತ್ತು ಧೂಳು

ಖಾನಾಪುರ ಒಂದೇ ತಾಲ್ಲೂಕಾದರೂ ಹವೆ ಒಂದೇ ಅಲ್ಲ. ಪಶ್ಚಿಮಕ್ಕೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಸಹ್ಯಾದ್ರಿಯ ಜಡಿಮಳೆ. ಪೂರ್ವಕ್ಕೆ ಪಾರಿಶ್ವಾಡದ ಕಡೆ ಬಯಲು ಹೊಲ, ಬೇಸಿಗೆಯ ಧೂಳು.

ಮಳೆಗಾಲದಲ್ಲಿ ಗಾಳಿ 24 ಡಿಗ್ರಿ, ತೇವಾಂಶ ಶೇ 95 ಇದ್ದರೆ 23 ಡಿಗ್ರಿಗಿಂತ ತಂಪಾದ ಯಾವುದೇ ವಸ್ತುವಿನ ಮೇಲೆ ನೀರಹನಿ ಕಟ್ಟುತ್ತದೆ. ಫ್ರಿಜ್‌ನಿಂದ ತೆಗೆದ ತಂಬಿಗೆ ಬೆವರುವುದು ಹೀಗೆಯೇ. 18ಕ್ಕೆ ತಂಪಾಗಿಸಿದ ಕೋಣೆಯ ಕಿಟಕಿಯನ್ನು ಅಂಥ ದಿನ ತೆರೆದರೆ ಆಫ್ ಆಗಿರುವ ಯಂತ್ರದ ಲೋಹದ ಮೇಲೂ ಹೀಗಾಗಬಹುದು. ಮಳೆಗಾಲದಲ್ಲಿ ಎಸಿಯನ್ನು 24ರ ಆಸುಪಾಸಿನಲ್ಲಿಡಲು, ಕಿಟಕಿ ಮುಚ್ಚಿಡಲು ಇದೂ ಒಂದು ಕಾರಣ. ಧೂಳಿನ ಕಡೆಯ ಊರುಗಳಲ್ಲಿ ಜಾಲರಿ, ಫಿಲ್ಟರ್‌ಗಳನ್ನು ಆಗಾಗ ಸ್ವಚ್ಛ ಮಾಡಬೇಕು. ತೆರೆದ ಬಾಗಿಲಿನಿಂದ ಹೋಗುವ ಧೂಳು ಒಳಗಿನ ಲೋಹದ ರೆಕ್ಕೆಗಳ ಮೇಲೆ ಕಂಬಳಿ ಹೊದಿಸಿದಂತೆ ಕೂರುತ್ತದೆ. ತೇವ ಸೇರಿದರೆ ಅದು ಕೆಸರೇ.

ದೊಡ್ಡವರೂ ಇದನ್ನೇ ಮಾಡುತ್ತಾರೆ

1990ರ ದಶಕದಲ್ಲಿ ಐಬಿಎಂನ ರಾಬರ್ಟ್ ಸುಲ್ಲಿವನ್ ಒಂದು ಸರಳ ಉಪಾಯ ಮುಂದಿಟ್ಟರು. ರ‍್ಯಾಕ್‌ಗಳ ಸಾಲುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸುವುದು. ಆಗ ಒಂದು ಓಣಿ ತಂಪಿನದು, ಮುಂದಿನ ಓಣಿ ಬಿಸಿಯದು. ಎರಡೂ ಬೆರೆಯುವುದಿಲ್ಲ. ಇಂದು ಜಗತ್ತಿನ ಡೇಟಾ ಸೆಂಟರ್‌ಗಳೆಲ್ಲ ಹೆಚ್ಚುಕಡಿಮೆ ಈ ಕ್ರಮದಲ್ಲೇ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಬಂದ ಸಹಸ್ರ-ಟಿ ಸೂಪರ್ ಕಂಪ್ಯೂಟರ್ ಕ್ರೇ ಎಕ್ಸ್‌ಸಿ40 ಮಾದರಿಯದು. ಅದರಲ್ಲಿ ಗಾಳಿ ಒಂದು ಕಪಾಟಿನಿಂದ ಪಕ್ಕದ ಕಪಾಟಿಗೆ ಅಡ್ಡಲಾಗಿ ಹರಿಯುತ್ತದೆ. ನಡುನಡುವೆ ತಣ್ಣೀರಿನ ಸುರುಳಿಗಳು ಆ ಗಾಳಿಯನ್ನು ಮತ್ತೆ ತಂಪು ಮಾಡಿ ಮುಂದಕ್ಕೆ ಕಳಿಸುತ್ತವೆ. ಅಲ್ಲೂ ಗಾಳಿಗೆ ಒಂದು ನಿಶ್ಚಿತ ದಾರಿ ಇದೆ.

ದಾರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ ಉದಾಹರಣೆ. 2022ರ ಜುಲೈ 19ರಂದು ಬ್ರಿಟನ್‌ನಲ್ಲಿ ಮೊದಲ ಬಾರಿ ತಾಪ 40 ಡಿಗ್ರಿ ದಾಟಿತು. ಗೂಗಲ್, ಒರಾಕಲ್‌ಗಳ ಡೇಟಾ ಸೆಂಟರ್‌ಗಳಲ್ಲಿ ತಂಪು ವ್ಯವಸ್ಥೆ ಕೈಕೊಟ್ಟಿತು. ಅಲ್ಲಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ಕಂಪ್ಯೂಟರ್‌ಗಳೂ ಕೂತುಹೋದವು. ವೈದ್ಯರು ಕಾಗದದಲ್ಲಿ ಬರೆದು ಕೆಲಸ ಮಾಡಬೇಕಾಯಿತು, ಎಲ್ಲ ಸರಿಯಾಗಲು ವಾರಗಳೇ ಹಿಡಿದವು.

ನಮ್ಮ ಹಳ್ಳಿಗಳೂ ಈಗ ಇಂಥ ಪೆಟ್ಟಿಗೆಗಳನ್ನೇ ನಂಬಿವೆ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಡಿ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯಲಾಗಿದೆ. ಅದರ ಕೊನೆಯಲ್ಲಿರುವ ಉಪಕರಣ, ಬ್ಯಾಟರಿಗಳು ಕೂರುವುದು ಪಂಚಾಯಿತಿಯ ಯಾವುದೋ ಮೂಲೆಯಲ್ಲೇ. ಅವು ಬಿಸಿಗೆ ನಿಂತರೆ ಒಬ್ಬರ ಒಂದು ದಿನದ ಕೂಲಿ, ಬಸ್ಸಿನ ಖರ್ಚು ವ್ಯರ್ಥ.

ಖರ್ಚಿಲ್ಲದೆ ಏನು ಮಾಡಬಹುದು?

• ಕಪಾಟು ಗೋಡೆಯಿಂದ ದೂರವಿರಲಿ. ಸರ್ವರ್ ರ‍್ಯಾಕ್ ಆದರೆ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ ಬೇಕು.
• ಎಲ್ಲ ಯಂತ್ರಗಳೂ ಒಂದೇ ಕಡೆಯಿಂದ ಗಾಳಿ ಎಳೆಯುತ್ತಿವೆಯೇ ನೋಡಿ. ಕೆಲವು ಸ್ವಿಚ್‌ಗಳು ಪಕ್ಕದಿಂದ ಪಕ್ಕಕ್ಕೆ ಗಾಳಿ ಬಿಡುತ್ತವೆ.
• ಹಿಂದಿನ ಕೇಬಲ್‌ಗಳನ್ನು ಒಂದು ಬದಿಗೆ ಕಟ್ಟಿ.
• ಸರ್ವರ್‌ಗಳ ನಡುವಿನ ಖಾಲಿ ಜಾಗಕ್ಕೆ ಪಟ್ಟಿ ಹಾಕಿ, ಕೆಳಗಿನ ಗಾಳಿತೂತುಗಳನ್ನು ಬಿಡಿಸಿ.
• ಎಸಿಯ ಗಾಳಿ ರ‍್ಯಾಕಿನ ಮುಂಭಾಗಕ್ಕೆ ಬೀಳಲಿ. ಬೆನ್ನಿಗೆ ಬೇಡ.
• ಯುಪಿಎಸ್, ಬ್ಯಾಟರಿಗಳನ್ನು ಬಿಸಿಗಾಳಿಯ ದಾರಿಯಿಂದ ಸರಿಸಿ.
• ಒಂದು ಸಾದಾ ಥರ್ಮಾಮೀಟರನ್ನು ರ‍್ಯಾಕಿನ ಮುಂದೆ, ಮೇಲಿನ ಯಂತ್ರದ ಎತ್ತರದಲ್ಲಿ ತೂಗುಹಾಕಿ. ಬಿಸಿಗಾಳಿ ಮೇಲೇರುವುದರಿಂದ ಮೊದಲು ಬಿಸಿಯಾಗುವುದು ಅಲ್ಲೇ.

ಗಾಳಿಯ ದಾರಿ ಕಣ್ಣಿಗೆ ಕಾಣಬೇಕೆಂದರೆ ಒಂದು ಗೇಣು ಹತ್ತಿಯ ನೂಲನ್ನು ಕಡ್ಡಿಯ ತುದಿಗೆ ಕಟ್ಟಿ. ಜಾಲರಿಯ ಹೊರಗಡೆಯೇ ಹಿಡಿದು ನೋಡಿ. ಮುಂದೆ ಹಿಡಿದಾಗ ನೂಲು ಯಂತ್ರದ ಕಡೆಗೆ, ಹಿಂದೆ ಹಿಡಿದಾಗ ಯಂತ್ರದಿಂದ ಆಚೆಗೆ ಬಾಗಬೇಕು. ಮುಂಭಾಗದ ಯಾವುದಾದರೂ ಸಂದಿನ ಎದುರು ನೂಲು ನಿಮ್ಮ ಕಡೆ ತಿರುಗಿ ಬೆಚ್ಚನೆಯ ಗಾಳಿ ಕೈಗೆ ತಾಗಿದರೆ, ಮುಚ್ಚಬೇಕಾದ ದಾರಿ ಅದೇ. ಊದುಬತ್ತಿ ಹಚ್ಚಿ ನೋಡಬೇಡಿ, ಅದರ ಹೊಗೆ ಮತ್ತು ಬೂದಿಯನ್ನು ಯಂತ್ರ ಒಳಗೆಳೆದುಕೊಳ್ಳುತ್ತದೆ.

ಇಷ್ಟು ಮಾಡಿದ ಮೇಲೆ ಥರ್ಮಾಮೀಟರ್ 27ರ ಒಳಗಿದ್ದರೆ ಕಪಾಟಿನ ಬಾಗಿಲು ಹಾಕಿ. ಆ ಟೇಬಲ್ ಫ್ಯಾನನ್ನು ಸರದಿಯಲ್ಲಿ ಕಾದು ಕುಳಿತವರ ಕಡೆಗೆ ತಿರುಗಿಸಿ. ಬೆವರುವುದು ಅವರು.